ಮೊಳೆಯ ಮೇಲೆ ಆರೇ ದಾರ

ಯೂಗೇನಿಯನ್ ಬೆಟ್ಟಗಳ ಬುಡ, ಇಟಲಿ
2 ಮಾರ್ಚ್ 2025

ಅಪ್ಪಾ,

ಬಂದು ತಲುಪಿದೆ. ಅವ್ವನಿಗೆ ಫೋನಿನಲ್ಲಿ ಕೂಗಿ ಹೇಳಿದ್ದೇನೆ, ಆದರೆ ಅವಳು ನಿನಗೆ ಹೇಳುವಷ್ಟರಲ್ಲಿ ಅರ್ಧ ಅವಳದೇ ಸೇರಿಸಿರುತ್ತಾಳೆ. ಪೀಣ್ಯದ ಫೋರ್ಜಿಂಗ್ ಶೆಡ್ಡುಗಳಲ್ಲಿ ಇಪ್ಪತ್ತು ವರ್ಷ ನಿಂತು ನಿನ್ನ ಕಿವಿ ಹೋಯಿತು. ಬೆರಳ ತುದಿ ದಡ್ಡುಗಟ್ಟಿ ಫೋನಿನ ಗಾಜು ಕೂಡ ನಿನ್ನ ಮಾತು ಕೇಳುವುದಿಲ್ಲ. ಆದ್ದರಿಂದ ಕಾಗದವೇ ಸರಿ. ನಾನು ಬರೆದು ಫೋಟೋ ಕಳಿಸುತ್ತೇನೆ. ನೀನು ಬರೆದದ್ದನ್ನು ಅವ್ವ ಫೋಟೋ ಹೊಡೆದು ಕಳಿಸಲಿ.

ಇಲ್ಲಿ ನೆಲ ಕಂಡರೇ ಭಯ ಅಪ್ಪಾ. ಬಸ್ಸಿಳಿದು ನಡೆಯುವಾಗ ಚರಂಡಿಯ ಜಾಲರಿಯಿಂದ ಹಬೆ ಏಳುತ್ತಿತ್ತು. ಮೇಲೆ ಚಳಿಗೆ ಹಲ್ಲು ಕಡಿಯಬೇಕು, ಕೆಳಗೆ ನೋಡಿದರೆ ಎಂಬತ್ತು ಡಿಗ್ರಿಗೂ ಮೀರಿದ ನೀರು. ಗುಡ್ಡಗಳು ಬಯಲಿನ ನಡುವೆ ಒಂದೊಂದೇ ಎದ್ದು ನಿಂತಿವೆ, ಕಣದಲ್ಲಿ ಸುರಿದ ಜೋಳದ ರಾಶಿಗಳ ಹಾಗೆ. ಅವೆಲ್ಲ ಒಂದು ಕಾಲಕ್ಕೆ ಬೆಂಕಿಯ ಗುಡ್ಡಗಳಂತೆ. ಆರಿಹೋಗಿ ಕೋಟಿಗಟ್ಟಲೆ ವರ್ಷವಾಯಿತು, ಹೆದರಬೇಡ ಎಂದು ಹೋಟೆಲಿನ ಮ್ಯಾನೇಜರ್ ನಕ್ಕ. ಆರಿದ್ದರೆ ನೀರು ಯಾಕೆ ಹೀಗೆ ಸುಡುತ್ತದೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಎರಡು ಸಾವಿರ ವರ್ಷದಿಂದ ಜನ ಕೀಲುನೋವು ಹೋಗಲೆಂದು ಇಲ್ಲಿಗೆ ಬಂದು ಈ ನೀರಿನಲ್ಲಿ ಕೂರುತ್ತಾರಂತೆ. ಊರ ತುಂಬ ಸ್ನಾನದ ಹೋಟೆಲುಗಳು. ನೆಲದಿಂದ ಬಂದದ್ದನ್ನು ಹಾಗೇ ಮೈಮೇಲೆ ಹಾಕಿಕೊಂಡರೆ ಚರ್ಮ ಸುಲಿಯುತ್ತದೆ. ಅದಕ್ಕೆ ಸ್ವಲ್ಪ ನೀರನ್ನು ತೊಟ್ಟಿಯಲ್ಲಿ ಆರಲು ಬಿಟ್ಟು, ಆರಿದ್ದನ್ನು ಬಿಸಿಗೆ ಬೆರೆಸುತ್ತಾರೆ. ಆರಿದ ನೀರನ್ನು ಸ್ನಾನದ ಕೋಣೆಗೆ ತಳ್ಳುವುದೇ ನಮ್ಮ ಶೆಡ್ಡಿನಲ್ಲಿ ನಾವು ಜೋಡಿಸಿದ ಪಂಪಿನ ಕೆಲಸ. ನಾವು ಆಯುಧಪೂಜೆ ಮುಗಿದ ವಾರ ಕಳಿಸಿದ ಏಳರಲ್ಲಿ ಒಂದು ಈ ಹೋಟೆಲಿನಲ್ಲಿದೆ, ಉಳಿದ ಆರು ಸುತ್ತಲ ಊರುಗಳಲ್ಲಿ. ಇಲ್ಲಿಯದು ಜನವರಿ ಕೊನೆಯಲ್ಲಿ ಓಡುತ್ತಾ ಓಡುತ್ತಾ ನಿಂತುಬಿಟ್ಟಿದೆ.

ಅದನ್ನು ಕಿತ್ತು ಹಿಂದಿನ ಶೆಡ್ಡಿನಲ್ಲಿಟ್ಟು ವಿಮೆ ಕಂಪನಿಯವರು ಕೆಂಪು ಟೇಪು ಸುತ್ತಿದ್ದಾರೆ. ಅವರ ಪರೀಕ್ಷಕ ಬಂದು ಎಲ್ಲರೆದುರು ತೆರೆಯುವವರೆಗೆ ಯಾರೂ ಮುಟ್ಟುವಂತಿಲ್ಲ. ಯಾವಾಗ ಬರುತ್ತಾನೋ ಗೊತ್ತಿಲ್ಲ. ನಾನು ಹೊರಡುವಾಗ ಶಶಿಕುಮಾರ್ ಸಾರ್ ಮಾಲೀಕರಾಗಿ ಹೇಳಿದ್ದು ಒಂದೇ ಮಾತು: “ನಮ್ ತಪ್ಪಿಲ್ಲ ಅಂತ ಒಂದು ಪೇಪರ್ ತಗೊಂಡ್ ಬಾಮ್ಮ, ಅಷ್ಟೇ. ನಲವತ್ತು ಜನರ ಅನ್ನ ಅದ್ರಲ್ಲಿದೆ.” ಇಂಜಿನಿಯರಿಗೆ ವೀಸಾ ಸಿಕ್ಕಿದ್ದರೆ ನಾನು ಇಲ್ಲಿ ಯಾಕೆ ಇರುತ್ತಿದ್ದೆ.

ನಿನ್ನ
ಯಮುನಾ


ಚಿಕ್ಕಬಾಣಾವರ
6 ಮಾರ್ಚ್

ನನ್ನವ್ವ ಯಮುನಾ,

ಶೆಡ್ಡಿನ ಹಳೆಯ ಆರ್ಡರೊಂದರ ಜಾಬ್ ಕಾರ್ಡಿನ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ನಿನ್ನ ಕಾಗದವನ್ನು ನಾನು ಎರಡು ಸಲ ಓದಿದೆ, ನಿನ್ನ ಅವ್ವ ಒಂದು ಸಲ ಗಟ್ಟಿಯಾಗಿ ಓದಿದಳು. ನನಗೆ ಕೇಳದಿದ್ದರೂ ಗಟ್ಟಿಯಾಗಿ ಓದುವ ಹುಕಿ ಅವಳಿಗೆ. ಇಲ್ಲಿ ಎರಡು ದಿನದಿಂದ ನಲ್ಲಿಯಲ್ಲಿ ನೀರಿಲ್ಲ, ಟ್ಯಾಂಕರ್ ಕಾಯುತ್ತಿದ್ದೇವೆ. ಅಲ್ಲಿ ಚರಂಡಿಯಲ್ಲೂ ಬಿಸಿನೀರು ಹರಿಯುತ್ತದೆ ಎಂದು ಓದಿ, ಬರುವಾಗ ಒಂದು ಕೊಡ ತರಲು ಹೇಳಿ ಅಂದಳು.

ಭಯ ಆಗುವುದು ಒಳ್ಳೆಯದೇ. ಭಯ ಇಲ್ಲದವನ ಬೆರಳು ಪ್ರೆಸ್ಸಿನ ಕೆಳಗೆ ಹೋಗುತ್ತದೆ, ನಾನು ನೋಡಿದ್ದೇನೆ. ನಿನ್ನ ಬ್ಯಾಗಿನ ತಳದಲ್ಲಿ ನನ್ನ ಉದ್ದ ಸ್ಕ್ರೂಡ್ರೈವರ್ ಇಟ್ಟಿದ್ದೇನೆ, ಸೀರೆಯ ತುಂಡಿನಲ್ಲಿ ಸುತ್ತಿದೆ. ಓಡುತ್ತಿರುವ ಪಂಪು ಯಾವುದಾದರೂ ಕಂಡರೆ ತುದಿಯನ್ನು ಬೇರಿಂಗಿನ ಮೇಲಿಟ್ಟು ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತು. ಕಿವುಡನಾದ ನನಗೇ ಅದರ ಮಾತು ತಿಳಿಯುತ್ತದೆ, ನಿನಗೆ ತಿಳಿಯದೆ ಇದ್ದೀತೆ.

ಒಂದು ಮಾತು ನೀನು ಬರೆದಿಲ್ಲ. ಆರಿದ ನೀರು ನಿಂತಾಗ ನಲ್ಲಿಯಲ್ಲಿ ಬರೀ ಸುಡುವ ನೀರೇ ಬಂದಿರಬೇಕಲ್ಲ. ಆಗ ಕೋಣೆಯಲ್ಲಿ ಯಾರಾದರೂ ಇದ್ದರಾ?

ನಿನ್ನ ಅಪ್ಪ
ಗದಿಗೆಪ್ಪ


14 ಮಾರ್ಚ್

ಅಪ್ಪಾ,

ಯಾರೂ ಇರಲಿಲ್ಲ. ಯಾರಿಗೂ ಏನೂ ಆಗಿಲ್ಲ. ಅದನ್ನು ತಲೆಗೆ ಹಚ್ಚಿಕೊಳ್ಳಬೇಡ.

ಪರೀಕ್ಷಕ ಏಪ್ರಿಲ್ 15ಕ್ಕೆ ಬರುತ್ತಾನಂತೆ. ಅಲ್ಲಿಯವರೆಗೆ ಇಲ್ಲೇ ಇರು, ಹೋಗಿಬರುವ ಖರ್ಚು ಯಾರು ಕೊಡುತ್ತಾರೆ ಎಂದರು ಸಾರ್. ಕೆಲಸದವರ ಕೋಣೆಯೊಂದರಲ್ಲಿ ಇದ್ದೇನೆ. ಬೆಳಿಗ್ಗೆ ಎದ್ದರೆ ಮೊದಲು ಗೋಡೆ ಮುಟ್ಟಿ ನೋಡುತ್ತೇನೆ. ಒಳಗೆ ಪೈಪು ಹೋಗಿದೆ, ಗೋಡೆ ಯಾವಾಗಲೂ ಜ್ವರ ಬಂದವರ ಮೈಯಷ್ಟು ಬಿಸಿ.

ಇಲ್ಲಿಯ ಮದ್ದು ಎಂದರೆ ಮಣ್ಣು. ಬೂದು ಬಣ್ಣದ ಜೇಡಿಯನ್ನು ಎರಡು ತಿಂಗಳು ಬಿಸಿನೀರಿನ ಕೊಳದಲ್ಲಿ ನೆನೆಹಾಕುತ್ತಾರೆ, ಪಾಚಿ ಕಟ್ಟಿ ಹಣ್ಣಾಗಬೇಕು. ಅದನ್ನು ಮೈಗೆ ಬಳಿದು ಬಿಳಿ ಬಟ್ಟೆಯಲ್ಲಿ ಕುತ್ತಿಗೆಯವರೆಗೆ ಸುತ್ತಿ ಮಲಗಿಸುತ್ತಾರೆ. ಬಾಗಿಲು ತೆರೆದಿತ್ತು ಎಂದು ಇಣುಕಿದೆ. ಆರು ಮಂಚ, ಆರು ಮುದುಕರು, ಕಣ್ಣು ಮುಚ್ಚಿ ಅಲ್ಲಾಡದೆ ಮಲಗಿದ್ದರು. ಜೀವ ಝಲ್ಲೆಂದು ಓಡಿಬಂದೆ. ಆಮೇಲೆ ಅವರೇ ಊಟದ ಮನೆಯಲ್ಲಿ ಜೋರಾಗಿ ನಗುತ್ತಾ ಸೂಪು ಕುಡಿಯುತ್ತಿದ್ದರು.

ಹಳೆಯ ಕಾಲದ ಕಲ್ಲಿನ ಸ್ನಾನದ ಕೊಳ ಒಂದು ಊರ ನಡುವೆಯೇ ಇದೆ, ಬೇಲಿ ಹಾಕಿಟ್ಟಿದ್ದಾರೆ. ಈ ನೀರು ಇಲ್ಲಿಯದೇ ಅಲ್ಲವಂತೆ. ದೂರದ ಪರ್ವತಗಳಲ್ಲಿ ಬಿದ್ದ ಮಳೆ ನೆಲದೊಳಗೆ ಇಳಿದು, ಆಳದಲ್ಲಿ ಕಾದು, ಹತ್ತಾರು ವರ್ಷದ ಮೇಲೆ ಈ ಗುಡ್ಡಗಳ ಬುಡದಲ್ಲಿ ಮೇಲೆ ಬರುತ್ತದಂತೆ. ನೀನು ಬಾಗಲಕೋಟೆಯಿಂದ ಬಂದು ಯಶವಂತಪುರದಲ್ಲಿ ರೈಲಿಳಿದ ವರ್ಷ ಬಿದ್ದ ಮಳೆ ಈಗ ನನ್ನ ಕೋಣೆಯ ಗೋಡೆಯಲ್ಲಿ ಹರಿಯುತ್ತಿರಬಹುದು. ಯಾವತ್ತೋ ಒಳಗೆ ಹೋದದ್ದು ಎಲ್ಲೋ ಬಂದೇ ಬರುತ್ತದೆ ಎಂದು ಯೋಚಿಸಿದರೆ ನನಗೆ ಸಮಾಧಾನವಾಗುವುದಿಲ್ಲ, ಇನ್ನಷ್ಟು ಹೆದರಿಕೆಯಾಗುತ್ತದೆ.

ಸ್ಕ್ರೂಡ್ರೈವರ್ ಸಿಕ್ಕಿತು.

ನಿನ್ನ
ಯಮುನಾ


22 ಮಾರ್ಚ್

ಯಮುನಾ,

ಇದನ್ನು ಒಬ್ಬಳೇ ಇರುವಾಗ ಓದು.

ನಮ್ಮ ಶೆಡ್ಡಿನ ಪದ್ಧತಿ ನಿನಗೆ ಹೇಳಿಕೊಡಬೇಕಾಗಿಲ್ಲ, ಆದರೂ ಬರೆಯುತ್ತೇನೆ, ಬರೆದರೆ ನನಗೇ ಸರಿಯಾಗಿ ಕಾಣಬಹುದು. ತಿರುಗುವ ಶಾಫ್ಟು ಕೂರಿಸಿದ ಕೂಡಲೇ ಅದಕ್ಕೆ ಅರಿಶಿನದ ದಾರ ಒಂದು ಸುತ್ತು ಕಟ್ಟುತ್ತೇನೆ. ಕುಂಕುಮ ಇಟ್ಟು ಕೈಮುಗಿಯುತ್ತೇನೆ. ನೀರು ಸೋರದಂತೆ ಸೀಲ್ ಕೂರಿಸಿ ಮುಚ್ಚಳ ಹಾಕುವ ಮೊದಲು ದಾರ ಕತ್ತರಿಸಿ ತೆಗೆಯುತ್ತೇನೆ. ಒಂದು ಆರ್ಡರಿನ ದಾರಗಳನ್ನೆಲ್ಲ ಒಟ್ಟು ಕಟ್ಟಿ, ಅದರ ಜಾಬ್ ಕಾರ್ಡಿನ ಜೊತೆ ನನ್ನ ಬೆಂಚಿನ ಮೇಲಿನ ಮೊಳೆಗೆ ಸಿಗಿಸುತ್ತೇನೆ. ವರ್ಷಕ್ಕೊಮ್ಮೆ ಆಯುಧಪೂಜೆಯ ಮರುದಿನ ಎಲ್ಲವನ್ನೂ ಕೆರೆಗೆ ಬಿಡುತ್ತೇನೆ.

ನಿನ್ನೆ ಸುಮ್ಮನೆ ಆ ಕಟ್ಟನ್ನು ಇಳಿಸಿ ನೋಡಿದೆ. ಏಳು ಪಂಪಿನ ಆರ್ಡರು. ಕಟ್ಟಿನಲ್ಲಿ ಆರೇ ದಾರ ಇವೆ. ಬೆಂಚಿನ ಕೆಳಗೆ, ಕಸದ ಡಬ್ಬಿಯಲ್ಲಿ, ಮನೆಯಲ್ಲಿ ನನ್ನ ಅಂಗಿಗಳ ಕಿಸೆಯಲ್ಲಿ ಎಲ್ಲಾ ಕಡೆ ಹುಡುಕಿದೆ. ಸಿಗಲಿಲ್ಲ.

ಅವತ್ತು ಲಾರಿ ಬೇಗ ಬಂತು, ಗಡಿಬಿಡಿಯಾಯಿತು. ನಾನೇ ಮರೆತೆ. ದಾರ ಶಾಫ್ಟಿಗೆ ಬಿಗಿಯಾಗಿದ್ದರೆ ಮೊದಮೊದಲು ಏನೂ ತಿಳಿಯುವುದಿಲ್ಲ, ಟೆಸ್ಟಿಂಗಿನಲ್ಲೂ ನೀರು ಸೋರುವುದಿಲ್ಲ. ಆಮೇಲೆ ಬಿಸಿಗೆ ಎಳೆ ಬಿಚ್ಚಿಕೊಂಡು ಸೀಲಿನ ಎರಡು ಮುಖಗಳ ನಡುವೆ ಸೇರುತ್ತದೆ. ಅಲ್ಲಿ ಒಂದು ಕೂದಲು ಇದ್ದರೂ ನೀರು ಒಸರುತ್ತದೆ. ಬೇರಿಂಗಿಗೆ ನೀರು ತಾಗಿದರೆ ಅದು ಹಿಡಿದು ನಿಲ್ಲುತ್ತದೆ. ನಿಂತದ್ದು ಅದರಿಂದಲೇ ಇರಬೇಕು.

ಈ ಆರ್ಡರು ಹೋದರೆ ಶೆಡ್ಡು ಮುಚ್ಚುತ್ತದೆ ಎಂದು ಎಲ್ಲರೂ ಮಾತಾಡುತ್ತಿದ್ದಾರೆ. ಅವರೆಲ್ಲರ ಮುಖ ನೋಡಲು ಆಗುತ್ತಿಲ್ಲ. ಯವ್ವಾ, ಮುಚ್ಚಳ ಸಡಿಲಿಸಿ ಚಿಮುಟ ಹಾಕಿದರೆ ಹತ್ತು ನಿಮಿಷದ ಕೆಲಸ. ನಿನ್ನ ಕೈಗೆ ಬರುವಂತಿದ್ದರೆ ಅದನ್ನು ತೆಗೆದುಬಿಡು. ನನ್ನ ಜೀವಮಾನದಲ್ಲಿ ಇಂಥ ಮಾತನ್ನು ನಿನಗೆ ಹೇಳುತ್ತೇನೆ ಎಂದುಕೊಂಡಿರಲಿಲ್ಲ.

ಅಪ್ಪ


29 ಮಾರ್ಚ್

ಅಪ್ಪಾ,

ನಾಳೆ ಯುಗಾದಿ. ಹಬ್ಬದ ಮುನ್ನಾದಿನ ಇದನ್ನು ಬರೆಯಬಾರದು, ಆದರೆ ಏಳು ದಿನದಿಂದ ಎಷ್ಟು ಕಾಗದ ಹರಿದೆನೋ ಲೆಕ್ಕವಿಲ್ಲ.

ನಿನಗೆ ಸುಳ್ಳು ಹೇಳಿದೆ. ಕೋಣೆಯಲ್ಲಿ ಒಬ್ಬಳು ಇದ್ದಳು.

ಅವಳ ಹೆಸರು ದೊಯಿನಾ. ಮಾಲ್ಡೋವಾದವಳು, ಐವತ್ತು ದಾಟಿರಬೇಕು, ಇಲ್ಲಿ ಸ್ನಾನ ಮಾಡಿಸುವ ಕೆಲಸ. ಹರಕು ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತೇವೆ, ಊರಿನಲ್ಲಿ ಮಗಳು, ಮೊಮ್ಮಗು ಇದ್ದಾರಂತೆ. ಅವತ್ತು ಒಬ್ಬ ಮುದುಕಿಯ ಮೈಮೇಲಿನ ಮಣ್ಣು ತೊಳೆದು ತೊಟ್ಟಿಯ ಹತ್ತಿರ ಕರೆತಂದಿದ್ದಾಳೆ. ತೊಟ್ಟಿಗೆ ಇಳಿಸುವ ಮೊದಲು ನೀರನ್ನು ಕೈಯಲ್ಲೇ ನೋಡುವುದು ಅವಳ ಅಭ್ಯಾಸ. ಮುದುಕಿಯ ಕಾಲು ಜಾರಿತಂತೆ, ಅವಳನ್ನು ಹಿಡಿಯಲು ಹೋಗಿ ಇವಳ ಬಲಗೈ ಮೊಣಕೈಯವರೆಗೆ ಒಳಗೆ ಹೋಯಿತು. ಮುದುಕಿಗೆ ಏನೂ ಆಗಲಿಲ್ಲ. ಇವಳು ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು ಬಂದಳು. ಈಗ ಕೆಲಸವಿಲ್ಲ, ನನ್ನ ಪಕ್ಕದ ಕೋಣೆಯಲ್ಲಿದ್ದಾಳೆ. ಬರೀ ಬಿಸಿನೀರಿನ ನಲ್ಲಿ ತಿರುಗಿಸಿ ಮೈಮರೆತಳು ಎಂದು ಹೋಟೆಲಿನವರು ಅವಳ ಮೇಲೆ ಬರೆದಿದ್ದಾರೆ. ಎರಡನ್ನೂ ತಿರುಗಿಸಿದ್ದೆ ಎಂದು ಅವಳು. ಪಂಪು ತೆರೆದರೆ ಗೊತ್ತಾಗುತ್ತದೆ ಎಂದು ಅವಳೂ ಏಪ್ರಿಲ್ 15ನ್ನೇ ಕಾಯುತ್ತಿದ್ದಾಳೆ. ನಾನು ಆ ಪಂಪಿನ ಊರಿನವಳೆಂದು ಗೊತ್ತು. ಆದರೂ ಎಡಗೈಯಲ್ಲಿ ನನಗೆ ಚಹಾ ಮಾಡಿ ಕೊಡುತ್ತಾಳೆ.

ನೀನು ಹೇಳಿದ ಹತ್ತು ನಿಮಿಷದ ಕೆಲಸ ಆಗದ್ದೇನಲ್ಲ. ಶೆಡ್ಡಿನ ಕೀ ಅಡುಗೆಮನೆಯ ಬಾಗಿಲ ಹಿಂದೆ ನೇತಾಡುತ್ತದೆ. ಟೇಪಿನ ಅಂಟು ಹಬೆಗೆ ಬಿಡುತ್ತದೆ, ಹಬೆಗೆ ಇಲ್ಲಿ ಬರವಿಲ್ಲ. ಮೊನ್ನೆ ಎಲ್ಲರೂ ಊಟಕ್ಕೆ ಹೋದಾಗ ಶೆಡ್ಡಿನ ಬಾಗಿಲವರೆಗೆ ಹೋದೆ, ಬೀಗಕ್ಕೆ ಕೀ ಹಾಕಿಯೂ ಆಯಿತು. ತಿರುಗಿಸಲಿಲ್ಲ. ಬಿಟ್ಟೂ ಬರಲಾಗದೆ ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ.

ದಾರ ತೆಗೆದರೆ ಪಂಪಿನಲ್ಲಿ ದೋಷ ಕಾಣದೆ ಅವಳ ತಪ್ಪಾಗುತ್ತದೆ. ತೆಗೆಯದಿದ್ದರೆ ನಮ್ಮದು. ನನಗೆ ಭಯ ಅಪ್ಪಾ. ಏನು ಮಾಡಲಿ, ಹೇಳು.

ಯಮುನಾ


5 ಏಪ್ರಿಲ್

ಯಮುನಾ,

ನಿಮ್ಮಪ್ಪ ಬರೀವಲ್ರು, ಅದಕ್ಕ ನಾನ ಬರ್ಯಾಕತ್ತೇನಿ. ನನ್ನ ಅಕ್ಷರ ನೋಡಿ ನಗಬ್ಯಾಡ. ಫೋಟೋ ನನ್ನ ಫೋನಿಗೇ ಬರ್ತಾವು, ನಾನೂ ಎಲ್ಲಾ ಓದೇನಿ. ಈ ದಾರದ ಮಾತಿನ ಕಾಗದ ನಾ ಓದಿಲ್ಲ ಅಂತ ಅವರು ತಿಳ್ಕೊಂಡಾರ, ತಿಳ್ಕೊಳ್ಳಲಿ.

ಯುಗಾದಿ ದಿನ ಬೇವು ತಿಂದ್ರು, ಬೆಲ್ಲ ಮುಟ್ಟಲಿಲ್ಲ. ಮೂರು ದಿನದ ಹಿಂದ ಗ್ಯಾಸಿನ ಮ್ಯಾಲೆ ಸ್ನಾನದ ನೀರು ಇಟ್ಟಿದ್ದೆ. ನಾ ಹೊರಗ ಬಟ್ಟಿ ಒಣಹಾಕಿ ಬರೂದರಾಗ ಅಂಗಿ ತೋಳು ಮ್ಯಾಲೆ ಮಾಡಿ ಪಾತ್ರಿ ಮುಂದ ನಿಂತಿದ್ರು. ಕೈ ಅದ್ದಾಕ ಹೊಂಟಿದ್ರು. ಹಿಡದು ಎಳದೆ. ಏನ್ ಹುಚ್ಚು ಹಿಡದೈತಿ ಅಂತ ಕೂಗಿದೆ. “ಎಷ್ಟು ಸುಡ್ತೈತಿ ನೋಡ್ಬೇಕಾಗಿತ್ತು” ಅಂದ್ರು. ಅವತ್ತಿಂದ ಅವರು ಏಳೂ ಮೊದಲಽ ನಾನ ನೀರು ತೋಡಿ ಇಡ್ತೇನಿ.

ಆ ಹೆಣ್ಣಮಗಳಿಗೆ ನೀನಽ ಅಡಗಿ ಮಾಡಿ ಹಾಕು. ಒಂದಽ ಕೈಲೆ ಎಷ್ಟಂತ ಮಾಡ್ಕೊಂಡಾಳು.

ನಿಮ್ಮವ್ವ
ಚನ್ನಕ್ಕ


8 ಏಪ್ರಿಲ್

ಯಮುನಾ,

ಕೀಯನ್ನು ಇದ್ದಲ್ಲೇ ಇಡು. ಪಂಪಿಗೆ ಕೈ ಹಚ್ಚಬೇಡ.

ಮೊದಲ ಕಾಗದದಲ್ಲೇ ನಾನು ಕೇಳಿದ್ದೆ, ಕೋಣೆಯಲ್ಲಿ ಯಾರಾದರೂ ಇದ್ದರಾ ಎಂದು. ನೀನು ಇಲ್ಲ ಎಂದೆ, ನಾನು ನಂಬಿದೆ. ನಿಜ ಹೇಳಬೇಕೆಂದರೆ ನಂಬಲು ನನಗೇ ಆಸೆ ಇತ್ತು. ತೆಗೆದುಬಿಡು ಎಂದು ಬರೆದ ಆ ಕಾಗದವನ್ನು ಅಳಿಸಿಹಾಕು. ಅಳಿಸದಿದ್ದರೂ ಸರಿ, ಬರೆದದ್ದು ಬರೆದಾಯಿತು.

ತೆರೆದಾಗ ಏನು ಬರುತ್ತದೋ ಬರಲಿ. ದಾರ ಕಂಡರೆ, ನಮ್ಮ ಅಪ್ಪ ಕಟ್ಟಿ ಮರೆತದ್ದು ಎಂದು ಹೇಳು. ನನ್ನ ಹೆಸರು ಹೇಳು.

ಅಪ್ಪ


15 ಏಪ್ರಿಲ್

ಅಪ್ಪಾ,

ಇಲ್ಲ. ಅದರಲ್ಲಿ ದಾರ ಇರಲಿಲ್ಲ.

ಪರೀಕ್ಷಕ ಟೇಪು ಕತ್ತರಿಸಿದ, ಬೋಲ್ಟು ಬಿಚ್ಚಲು ನನ್ನ ಕೈಗೇ ಸ್ಪ್ಯಾನರ್ ಕೊಟ್ಟ. ಮ್ಯಾನೇಜರ್, ಹೋಟೆಲಿನ ವಕೀಲ, ಮೂಲೆಯಲ್ಲಿ ದೊಯಿನಾ. ಮೂರನೆಯ ಬೋಲ್ಟಿಗೆ ಸ್ಪ್ಯಾನರ್ ಜಾರಿ ಬಿತ್ತು. ಮುಚ್ಚಳ ಎತ್ತಿದಾಗ ಕಣ್ಣು ಮುಚ್ಚಿಬಿಟ್ಟಿದ್ದೆ. ತೆರೆದು ನೋಡಿದರೆ ಬಿಳಿ ಉಪ್ಪು. ಒಳಗೆಲ್ಲ ಸುಣ್ಣ ಬಳಿದ ಹಾಗೆ ಗಟ್ಟಿಯಾಗಿ ಕೂತಿದೆ. ಈ ನೀರಿನಲ್ಲಿ ಉಪ್ಪು ಜಾಸ್ತಿ, ಹದಿನೈದು ದಿನಕ್ಕೊಮ್ಮೆ ತೊಳೆಯಬೇಕು ಎಂದು ಪಂಪಿನ ಜೊತೆ ಕಳಿಸಿದ ನಮ್ಮ ಪುಸ್ತಕದಲ್ಲೇ ಬರೆದಿದೆ. ಇವರು ಒಮ್ಮೆಯೂ ತೊಳೆದಿಲ್ಲ. ಶಾಫ್ಟು ಹೊಳೆಯುತ್ತಿತ್ತು, ಸೀಲ್ ಸರಿಯಿತ್ತು. ಸುತ್ತಲೂ ಬೆರಳಾಡಿಸಿ ನೋಡಿದೆ. ಏನೂ ಇಲ್ಲ.

ಆರಿದ ನೀರು ನಿಂತದ್ದರಿಂದಲೇ ಕೈ ಸುಟ್ಟದ್ದು, ಕೆಲಸದವಳ ತಪ್ಪಿಲ್ಲ ಎಂದು ಪರೀಕ್ಷಕ ಬರೆದ. ದೊಯಿನಾ ಅಳಲಿಲ್ಲ. ನಾನು ಅತ್ತೆ. ಸಾರ್ ಫೋನಿನಲ್ಲಿ “ಸಕ್ಕತ್ ಕೆಲ್ಸ ಮಾಡ್ದೆ ಕಣಮ್ಮ” ಅಂದರು. ಇಪ್ಪತ್ತೊಂದಕ್ಕೆ ಟಿಕೆಟ್ ಮಾಡಿದ್ದಾರೆ.

ಇಲ್ಲಿಗೆ ಮುಗಿಯಿತು ಎಂದುಕೊಳ್ಳೋಣ ಅಪ್ಪಾ. ಆ ಏಳನೆಯ ದಾರ ಶೆಡ್ಡಿನಲ್ಲೇ ಎಲ್ಲೋ ಬಿದ್ದು ಕಸದ ಜೊತೆ ಹೋಗಿರಬಹುದು. ಹೋಗಿರಬಹುದಲ್ಲವಾ?

ನಿನ್ನ
ಯಮುನಾ


17 ಏಪ್ರಿಲ್

ನನ್ನವ್ವ ಯಮುನಾ,

ನಿನ್ನ ಅವ್ವ ಹೋಳಿಗೆ ಮಾಡಿದಳು. ಒಂದು ತುತ್ತು ಬಾಯಿಗಿಟ್ಟೆ, ಆಗ ಆ ಯೋಚನೆ ಬಂತು. ನಿನಗೂ ಬಂದಿದೆ, ಕಾಗದದ ಕೊನೆಯ ಸಾಲು ಓದಿದರೆ ತಿಳಿಯುತ್ತದೆ.

ನನ್ನ ದಾರ ಕಸದ ಜೊತೆ ಹೋಗುವುದಿಲ್ಲ. ಮೊಳೆಯ ಮೇಲಿಲ್ಲ, ಈ ಪಂಪಿನಲ್ಲಿಲ್ಲ ಎಂದರೆ ಉಳಿದ ಆರರಲ್ಲಿ ಒಂದರಲ್ಲಿ ಇದೆ. ಆ ಆರೂ ಈಗ ಓಡುತ್ತಿವೆ. ನಂಬರಿನ ತಗಡನ್ನು ಲಾರಿ ಟೆಸ್ಟಿಂಗಿಗೆ, ಬಣ್ಣಕ್ಕೆ ಒಯ್ದ ಮೇಲೆ ಅಲ್ಲೇ ಹೊಡೆಯುತ್ತಾರೆ, ಯಾವುದರಲ್ಲಿ ಎಂದು ಇಲ್ಲಿಂದ ಹೇಳಲು ಬರುವುದಿಲ್ಲ. ಉಪ್ಪಿನಿಂದ ನಿಂತದ್ದು ಅವರ ಪಾಪ. ದಾರದಿಂದ ನಿಂತರೆ ನಮ್ಮದು. ಯಾವ ಊರಿನಲ್ಲಿ ಯಾವ ಹೆಂಗಸು ಈಗ ತೊಟ್ಟಿಯ ಮುಂದೆ ನಿಂತಿದ್ದಾಳೋ ಎಂದು ಕೂತರೂ ನಿಂತರೂ ಅದೇ.

ನೀನು ಇಪ್ಪತ್ತೊಂದಕ್ಕೆ ಹೊರಟು ಬಾ. ನಿನಗೆ ಇನ್ನೂ ಇಡೀ ಜೀವನ ಇದೆ. ಇದು ನನ್ನ ಮರೆವು, ನಾನು ನೋಡಿಕೊಳ್ಳುತ್ತೇನೆ. ಶಶಿಕುಮಾರ್ ಸಾರ್ ಊರಿನಲ್ಲಿಲ್ಲ, ಬಂದ ಕೂಡಲೇ ಎಲ್ಲಾ ಬರೆದು ಸಹಿ ಮಾಡಿ ಅವರ ಕೈಗೆ ಕೊಡುತ್ತೇನೆ.

ಅಪ್ಪ
ಗದಿಗೆಪ್ಪ


3 ಮೇ

ಅಪ್ಪಾ,

ನಾನು ವಿಮಾನ ಹತ್ತಲಿಲ್ಲ ಎಂದು ಅವ್ವನಿಗೆ ಹೇಳಿದ್ದೆ, ಯಾಕೆ ಎಂದು ಹೇಳಿರಲಿಲ್ಲ. ಈಗ ಹೇಳುತ್ತೇನೆ.

ಪಂಪು ಕಳಿಸಿದ ದಿನ ಮರೆತವನು ನೀನಲ್ಲ. ಅವತ್ತು ಹನ್ನೊಂದು ಗಂಟೆಗೆ ನೀನು ಶೆಡ್ಡಿನಲ್ಲೇ ಇರಲಿಲ್ಲ. ಕಿವಿ ತೋರಿಸಿಕೊಂಡು ಬಾ, ಮಷೀನು ಹಾಕಿಸೋಣ ಎಂದು ಜಗಳವಾಡಿ ನಿನ್ನನ್ನು ಆಸ್ಪತ್ರೆಗೆ ಅಟ್ಟಿದವಳು ನಾನು. ಆರು ಪಂಪು ಮುಚ್ಚಿ, ಏಳನೆಯದಕ್ಕೆ ದಾರ ಕಟ್ಟಿ, ಬಂದು ಮುಚ್ಚುತ್ತೇನೆ ಎಂದು ನೀನು ಹೋದೆ. ಲಾರಿ ಬೇಗ ಬಂತು. ನಾನೇ ಸೀಲ್ ಕೂರಿಸಿದೆ, ನಾನೇ ಮುಚ್ಚಳ ಬಿಗಿದೆ. ಆರೇ ದಾರ ಎಂದು ನೀನು ಬರೆದ ಗಳಿಗೆಯಲ್ಲೇ ನನಗೆ ನೆನಪಾಯಿತು. ಮರೆತದ್ದು ನಾನೇ ಎಂದು ನೀನು ಬರೆದೆ. ನಾನು ಬಾಯಿ ಮುಚ್ಚಿಕೊಂಡೆ, ಒಂದು ತಿಂಗಳು. ನೀನು ಸುಡುವ ನೀರಿಗೆ ಕೈ ಹಾಕಲು ಹೋದೆ ಎಂದು ಅವ್ವ ಬರೆದಾಗಲೂ ಬಾಯಿ ಬಿಡಲಿಲ್ಲ. ಇದಕ್ಕಿಂತ ನಾಚಿಕೆ ನನಗೆ ಇನ್ನೊಂದಿಲ್ಲ.

ಇಪ್ಪತ್ತನೆಯ ತಾರೀಕು ಸಾರ್‌ಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಅವರು ಬೈದದ್ದನ್ನು ಬರೆಯುವುದಿಲ್ಲ. ಆರು ಹೋಟೆಲಿಗೂ ನನ್ನ ಹೆಸರು ಹಾಕಿ ಕಾಗದ ಬರೆದೆ, ನಾನು ಬರುವವರೆಗೆ ಸ್ನಾನದ ಕೋಣೆಗೆ ನೀರು ಬಿಡಬೇಡಿ ಎಂದು. ದೊಯಿನಾ ಜೊತೆಗೆ ಬಂದಳು, ಅವಳಿಗೆ ಇಲ್ಲಿಯ ಭಾಷೆ ಬರುತ್ತದೆ. ಯಾಕೆ ಬರುತ್ತೀಯ ಎಂದರೆ ಭುಜ ಕುಣಿಸಿದಳು. ದ್ರಾಕ್ಷಿ ತೋಟಗಳ ನಡುವೆ ಬಸ್ಸು ಗುಡ್ಡ ಸುತ್ತುತ್ತಿತ್ತು. ಎಲ್ಲ ಚಿಗುರಿತ್ತು, ಜನ ಫೋಟೋ ತೆಗೆಯುತ್ತಿದ್ದರು.

ನಾಲ್ಕು ಪಂಪು ತೆರೆದೆ. ಏನೂ ಇಲ್ಲ. ಐದನೆಯ ಕಡೆ ನನ್ನ ಕಾಗದವನ್ನು ಯಾರೂ ಓದೇ ಇರಲಿಲ್ಲ, ಪಂಪು ಓಡುತ್ತಿತ್ತು, ಸ್ನಾನವೂ ನಡೆಯುತ್ತಿತ್ತು. ನಿನ್ನ ಸ್ಕ್ರೂಡ್ರೈವರಿನ ತುದಿ ಬೇರಿಂಗಿನ ಮೇಲಿಟ್ಟು ಹಿಡಿಯನ್ನು ಕಿವಿಯ ಹಿಂದೆ ಒತ್ತಿದೆ. ಸಣ್ಣಗೆ ಕರಕರ ಅನ್ನುತ್ತಿತ್ತು. ನನ್ನ ಮುಖ ನೋಡಿದ್ದೇ ದೊಯಿನಾ ಸ್ನಾನದ ಕೋಣೆಯ ಕಡೆ ಓಡಿದಳು. ಎಲ್ಲರನ್ನೂ ನೀರಿನಿಂದ ಎಬ್ಬಿಸಿ ಹೊರಗೆ ಕಳಿಸಿ ಬಂದಳು.

ನಿಲ್ಲಿಸಿ ತೆರೆದೆವು. ಬೇರಿಂಗಿನ ಸುತ್ತ ಒದ್ದೆ, ತುಕ್ಕಿನ ಕೆಂಪು. ಸೀಲಿನ ಬಾಯಲ್ಲಿ ದಾರದ ಎಳೆಗಳು. ಶಾಫ್ಟಿನ ಮೇಲೆ ನಿನ್ನ ಗಂಟು ಹಾಗೇ ಇತ್ತು ಅಪ್ಪಾ, ಗಂಟಿನ ಒಳಗೆ ಇನ್ನೂ ಹಳದಿ. ಇನ್ನು ಹತ್ತು ದಿನ ಓಡಿದ್ದರೆ ಹೆಚ್ಚು.

ದೊಯಿನಾ ಅದನ್ನು ಎಡಗೈಯಲ್ಲಿ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಇದನ್ನು ಯಾಕೆ ಕಟ್ಟುತ್ತೀರಿ ಎಂದು ಕೇಳಿದಳು. ಯಾರಿಗೂ ಏನೂ ಆಗದಿರಲಿ ಎಂದು, ಅಂದೆ. ಅವಳು ದಾರವನ್ನು ಮಡಚಿ ನನ್ನ ಕೈಗಿಟ್ಟು, ಬಾ ಇನ್ನೊಂದು ಪಂಪು ಉಳಿದಿದೆ ಎಂದಳು. ಅದೂ ಸರಿಯಿತ್ತು.

ತಪ್ಪು ನನ್ನದು, ಅಪ್ಪನದಲ್ಲ ಎಂದು ಬರೆದು ಸಹಿ ಮಾಡಿ ಸಾರ್‌ಗೆ ಕಳಿಸಿದ್ದೇನೆ. ಏನು ಮಾಡುತ್ತಾರೋ ಮಾಡಲಿ. ಹನ್ನೆರಡಕ್ಕೆ ಬರುತ್ತೇನೆ. ನಿನ್ನ ಮುಖ ಹೇಗೆ ನೋಡಲಿ ಎಂಬುದೊಂದೇ ಈಗ ಉಳಿದ ಭಯ.

ಯಮುನಾ


7 ಮೇ

ನನ್ನವ್ವ ಯಮುನಾ,

ಏಳನೆಯ ಮುಚ್ಚಳ ನೀನು ಹಾಕಿದ್ದು ನನಗೆ ಅವತ್ತೇ ಗೊತ್ತಿತ್ತು. ಆಸ್ಪತ್ರೆಯಿಂದ ಬಂದಾಗ ಬೆಂಚಿನ ಮೇಲೆ ಸ್ಪ್ಯಾನರ್ ಎಡಗಡೆ ಇತ್ತು. ಶೆಡ್ಡಿನಲ್ಲಿ ಎಡಗೈಯವಳು ನೀನೊಬ್ಬಳೇ. ದಾರ ತೆಗೆದೆಯಾ ಎಂದು ಕೇಳದೆ ಲಾರಿಗೆ ಕೈಬೀಸಿದವನು ನಾನು. ಅದನ್ನು ಮರೆವು ಎನ್ನದೆ ಇನ್ನೇನು ಎನ್ನುತ್ತಾರೆ. ಆದ್ದರಿಂದ ನಾನು ಬರೆದದ್ದರಲ್ಲಿ ಸುಳ್ಳಿಲ್ಲ.

ಸಾರ್ ಬಂದ ದಿನವೇ ನನ್ನ ಕಾಗದ ಕೊಟ್ಟಿದ್ದೆ. ನಿನ್ನೆ ಆಫೀಸಿಗೆ ಕರೆಸಿದರು. ಮೇಜಿನ ಮೇಲೆ ಎರಡು ಕಾಗದ ಪಕ್ಕಪಕ್ಕ ಇಟ್ಟಿದ್ದರು, ಒಂದು ನನ್ನದು, ಒಂದು ನಿನ್ನದು. ಒಂದರಲ್ಲಿ ಅಪ್ಪ ಮಾಡಿದ್ದು, ಮಗಳಿಗೆ ಏನೂ ಗೊತ್ತಿಲ್ಲ ಎಂದಿದೆ, ಇನ್ನೊಂದರಲ್ಲಿ ಮಗಳು ಮಾಡಿದ್ದು, ಅಪ್ಪ ಅಲ್ಲಿರಲೇ ಇಲ್ಲ ಎಂದಿದೆ, ಇದರಲ್ಲಿ ಯಾವುದು ಸುಳ್ಳು ಹೇಳು ಗದಿಗೆಪ್ಪ ಎಂದು ಕೇಳಿದರು. ತುಟಿ ನೋಡಿ ನನಗೆ ಪೂರಾ ತಿಳಿಯಿತು. ಕಿವಿಗೆ ಕೈ ಹಚ್ಚಿ, ಕೇಳಲಿಲ್ಲ ಸಾರ್ ಅಂದೆ. ಎದ್ದು ನಿಂತು ಗಟ್ಟಿಯಾಗಿ ಕೇಳಿದರು, ಹೊರಗಿನವರೆಲ್ಲ ತಿರುಗಿ ನೋಡಿದರು. ಆಗಲೂ ಕೇಳಲಿಲ್ಲ ಅಂದೆ. ಎರಡೂ ಕಾಗದ ಮಡಚಿ ಡ್ರಾಯರಿಗೆ ಹಾಕಿಕೊಂಡರು.

ದಾರವನ್ನು ಜೋಪಾನವಾಗಿ ತಾ. ಕಟ್ಟಿನ ಪಕ್ಕದಲ್ಲಿ ಅದಕ್ಕೆ ಜಾಗ ಬಿಟ್ಟಿದ್ದೇನೆ. ಇನ್ನು ಮೇಲೆ ಕಟ್ಟುವುದು ಮುಚ್ಚಳ ಹಾಕಿದ ಮೇಲೆ, ಹೊರಗೆ. ಆ ಹೆಣ್ಣುಮಗಳ ಕೈ ಹೇಗಿದೆ ಎಂದು ನಿನ್ನ ಅವ್ವ ದಿನಾ ಕೇಳುತ್ತಾಳೆ, ಅದನ್ನು ಬರೆ.

ಮುಂದಿನ ಆರ್ಡರಿನ ಮಾತನ್ನು ಸಾರ್ ಎತ್ತಲಿಲ್ಲ. ಸೋಮವಾರ ಕೆಲಸಕ್ಕೆ ಬಾ ಎಂದೂ ಹೇಳಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. ನಾನಂತೂ ಹೋಗುತ್ತೇನೆ. ಬಂದ ಮೇಲೆ ನೀನೂ ನಡೆ ನನ್ನ ಜೊತೆ. ಬೇಡ ಎಂದರೆ ಅದೂ ನನಗೆ ಕೇಳುವುದಿಲ್ಲ.

ನಿನ್ನ ಅಪ್ಪ
ಗದಿಗೆಪ್ಪ